ಜನಪ್ರಿಯ ಗೀತೆಗಳಲ್ಲಿ ಪ್ರಾಸ ಮತ್ತು ಅಲಂಕಾರ: ಒಂದು ಕಿರುಪರಿಚಯ

ಕೊಂಢವಾದಂತಹ ಬಡಾವಣೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಅನೇಕ ಮಕ್ಕಳಿಗೆ ಶಾಲೆಯಲ್ಲಿ ಕನ್ನಡವಿಲ್ಲ. ತಾಯ್ನುಡಿ ಅವರಿಗೆ ಕಿವಿಯಿಂದಲೇ, ಅದರಲ್ಲೂ ಹಾಡಿನಿಂದಲೇ ಒಲಿಯಬೇಕಾಗಿದೆ. ಆದ್ದರಿಂದ ಭಾವಗೀತೆ, ಚಿತ್ರಗೀತೆಗಳಲ್ಲಿ ಅಡಗಿರುವ ಕಾವ್ಯಲಕ್ಷಣಗಳನ್ನು ಹಿರಿಯರು ಅರಿತಿರುವುದು ಒಳಿತು.

ಆದಿಪ್ರಾಸ: ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬುದು ಹಳಗನ್ನಡ ಕಾವ್ಯದ ನಿಯಮ. ಅದರ ಹಿಂದಿನ ಸ್ವರ ಹ್ರಸ್ವವಾದರೆ ಸಿಂಹಪ್ರಾಸ (ಮನೆ, ಹನಿ), ದೀರ್ಘವಾದರೆ ಗಜಪ್ರಾಸ (ಕಾಲ, ನೀಲಿ), ಅನುಸ್ವಾರವಿದ್ದರೆ ವೃಷಭಪ್ರಾಸ (ಬಂದ, ಮಂದಿ), ಸಜಾತೀಯ ಒತ್ತಕ್ಷರವಿದ್ದರೆ ಹಯಪ್ರಾಸ (ಹಕ್ಕಿ, ಸೊಕ್ಕು). ಅಜ, ಶರಭಗಳು ಸೇರಿ ಒಟ್ಟು ಆರು.

ಅಂತ್ಯಪ್ರಾಸ: ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸದ ಕಟ್ಟನ್ನು ಬಿಟ್ಟು ಬರೆಯತೊಡಗಿದರು. ಇಂದಿನ ಗೀತೆಗಳಲ್ಲಿ ಸಾಲಿನ ಕೊನೆಯ ಪ್ರಾಸವೇ (ಹಾಡು, ಕಾಡು, ಬೀಡು) ಪ್ರಧಾನ. ಚರಣದ ಕೊನೆಯ ಸಾಲು ಹಲವೊಮ್ಮೆ ಪಲ್ಲವಿಯೊಡನೆ ಪ್ರಾಸಗೂಡಿ ಕೇಳುಗನನ್ನು ಮತ್ತೆ ಪಲ್ಲವಿಗೆ ಕರೆತರುತ್ತದೆ.

ಯಮಕ: ಮರಾಠಿಯಲ್ಲಿ ಈ ಅಂತ್ಯಪ್ರಾಸವನ್ನೇ ಸಾಮಾನ್ಯವಾಗಿ 'ಯಮಕ' ಎನ್ನುವರು. ಕನ್ನಡದಲ್ಲಿ ಯಮಕವೆಂದರೆ ಅದೇ ಅಕ್ಷರಸಮೂಹ ಬೇರೆ ಅರ್ಥದಲ್ಲಿ ಮರಳಿ ಬರುವುದು. ಎರಡೂ ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಈ ಭೇದವನ್ನು ತಿಳಿಸಬೇಕು.

ಅರ್ಥದ ಚಮತ್ಕಾರ: 'ಚಂದ್ರನಂತಹ ಮುಖ' ಉಪಮೆ, 'ಮುಖಚಂದ್ರ' ರೂಪಕ. 'ಅರಸು' ಎಂಬ ಒಂದೇ ಪದ ದೊರೆ, ಹುಡುಕು ಎಂಬೆರಡು ಅರ್ಥಗಳನ್ನೂ ಒಮ್ಮೆಗೇ ಕೊಟ್ಟರೆ ಅದು ಶ್ಲೇಷೆ.

ಲಯ: ರಾಗಸಂಯೋಜನೆ ಮೊದಲು, ಸಾಹಿತ್ಯ ಅನಂತರ ಎಂಬುದು ಚಿತ್ರರಂಗದಲ್ಲಿ ರೂಢವಾದ ಕ್ರಮ. ಆಗ ಕವಿಯು ಮೂರು, ನಾಲ್ಕು, ಐದು ಇಲ್ಲವೇ ಏಳು ಮಾತ್ರೆಗಳ ಗಣಕ್ಕೆ ಪದಗಳನ್ನು ಹೊಂದಿಸಬೇಕಾಗುತ್ತದೆ. ಅಳತೆಗಾಗಿ ಹ್ರಸ್ವವನ್ನು ಎಳೆದರೆ ಅರ್ಥವೇ ಕೆಡಬಹುದು.

ಕವಿತೆಯೇ ಗೀತೆಯಾದುದೂ ಉಂಟು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ದ.ರಾ. ಬೇಂದ್ರೆಯವರ ಕವಿತೆಯನ್ನು ಪುಟ್ಟಣ್ಣ ಕಣಗಾಲರು 'ಬೆಳ್ಳಿಮೋಡ' (1967) ಚಿತ್ರಕ್ಕೆ ಅಳವಡಿಸಿದರು. 1942ರ 'ಮೈಸೂರ ಮಲ್ಲಿಗೆ' ಸಂಕಲನದ ಕವಿತೆಗಳನ್ನು ಆಧರಿಸಿ ಟಿ.ಎಸ್. ನಾಗಾಭರಣರು ಅದೇ ಹೆಸರಿನ ಚಿತ್ರ ಮಾಡಿದಾಗ, ಗೀತಸಾಹಿತ್ಯಕ್ಕಾಗಿ ಕೆ.ಎಸ್. ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ಸಂದಿತು.

ಮನೆಯಲ್ಲಿ ಹಾಡು ಕೇಳುವಾಗ ಪ್ರಾಸಪದಗಳನ್ನು ಮಕ್ಕಳಿಂದಲೇ ಗುರುತಿಸಿ ಹೇಳಿಸಿ, ಅವುಗಳ ಅರ್ಥ ಕೇಳಿ, ಬರೆಯಿಸಿ. ಹ್ರಸ್ವ, ದೀರ್ಘ, ಒತ್ತಕ್ಷರಗಳ ಪಾಠವು ಅಲ್ಲಿಂದಲೇ ಆರಂಭವಾಗಬಲ್ಲದು.