ಗಿರಣಿಗಾರನ ವಿಭವ

ಸಂಸ್ಕೃತದಲ್ಲಿ ‘ವಿಭವ’ವೆಂದರೆ ಐಶ್ವರ್ಯ, ಸಾಮರ್ಥ್ಯ. ವಿದ್ಯುಚ್ಛಾಸ್ತ್ರದಲ್ಲಿ ಈ ಶಬ್ದಕ್ಕೆ ಬೇರೊಂದು ಅರ್ಥವುಂಟು. ಆ ಅರ್ಥವನ್ನು ತಿಳಿಸಲು ಆಂಗ್ಲಭಾಷೆಯಲ್ಲಿ ‘ಪೊಟೆನ್ಷಿಯಲ್’ ಎಂದು ಹೆಸರಿಟ್ಟವನು ಗೋದಿ ಬೀಸುವ ಗಾಳಿಗಿರಣಿಯವನೆಂಬುದು ವಾಚಕರಿಗೆ ಸೋಜಿಗವೆನಿಸಬಹುದು.

1785ರಲ್ಲಿ ಫ್ರಾನ್ಸಿನ ಕೂಲಂಬನು ವಿದ್ಯುದಾವೇಶಗಳ ಆಕರ್ಷಣ ವಿಕರ್ಷಣಗಳ ನಿಯಮವನ್ನು ಅಳೆದು ತೋರಿಸಿದನು. ಆದರೆ ಬಲಕ್ಕೆ ಪ್ರಮಾಣವಲ್ಲದೆ ದಿಕ್ಕೂ ಇರುವುದರಿಂದ, ಆವೇಶಗಳು ಹಲವಾದರೆ ಪ್ರತಿಯೊಂದು ಬಿಂದುವಿನಲ್ಲಿಯೂ ಮೂರು ಮೂರು ಲೆಕ್ಕಗಳು ಬೇಕಾಗುವುವು. ಗುರುತ್ವಾಕರ್ಷಣದ ವಿಚಾರದಲ್ಲಿ ಲಗ್ರಾಂಜ್, ಲಾಪ್ಲಾಸ್ ಪಂಡಿತರು ಇದಕ್ಕೊಂದು ಉಪಾಯವನ್ನು ಕಂಡಿದ್ದರು; ಪ್ವಾಸೋನನು ಅದನ್ನು ವಿದ್ಯುತ್ತಿಗೆ ಅನ್ವಯಿಸಿದನು. ಬಿಂದುವಿಗೆ ಒಂದೇ ಸಂಖ್ಯೆಯಿದ್ದರೆ ಸಾಕು, ಅದೇ ವಿಭವ.

ಗುಡ್ಡದ ಪ್ರತಿಯೊಂದು ತಾಣದ ಎತ್ತರವು ತಿಳಿದಿದ್ದರೆ ಮಳೆಯ ನೀರು ಎತ್ತ ಹರಿಯುವುದೆಂದು ಹೇಳಬಹುದಷ್ಟೆ. ಹಾಗೆಯೇ ವಿಭವವು ಎತ್ತ ಅತಿ ತೀವ್ರವಾಗಿ ಇಳಿಯುವುದೋ ಅದೇ ವಿದ್ಯುತ್‌ಕ್ಷೇತ್ರದ ದಿಕ್ಕು. ಇಳಿಜಾರಿನ ಕಡಿದೇ ಅದರ ಪ್ರಮಾಣ. ಸೂತ್ರದಲ್ಲಿರುವ ಋಣಚಿಹ್ನೆಯು ಈ ಇಳಿತವನ್ನೇ ಸೂಚಿಸುವುದು. ಒಂದು ಸೆಂಟಿಮೀಟರ್ ಅಂತರದ ಎರಡು ಸಮಾನಾಂತರ ಫಲಕಗಳ ನಡುವೆ 100 ವೋಲ್ಟ್ ವ್ಯತ್ಯಾಸವಿದ್ದರೆ, ಕ್ಷೇತ್ರವು ಮೀಟರಿಗೆ 10,000 ವೋಲ್ಟ್. ವಿಭವವು ಶೂನ್ಯವಾದೆಡೆ ಕ್ಷೇತ್ರವೂ ಶೂನ್ಯವೆಂದು ಬಗೆಯಬಾರದು. ಸಮವಾದ ಧನ ಋಣ ಆವೇಶಗಳ ನಟ್ಟನಡುವೆ ವಿಭವವು ಶೂನ್ಯ, ಕ್ಷೇತ್ರವಾದರೋ ಶೂನ್ಯವಲ್ಲ. ನೋಡಬೇಕಾದುದು ಎತ್ತರವನ್ನಲ್ಲ, ಇಳಿಜಾರನ್ನು.

ಈ ತತ್ತ್ವವನ್ನು ವಿಸ್ತರಿಸಿ ಬಲವಾದ ಗಣಿತಸಾಧನವನ್ನಾಗಿ ಮಾಡಿದವನು ಜಾರ್ಜ್ ಗ್ರೀನ್. 1793ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ರೊಟ್ಟಿ ಸುಡುವವನ ಮಗನಾಗಿ ಹುಟ್ಟಿದ ಈತನ ಶಾಲಾಭ್ಯಾಸವು ಒಂದೆರಡು ವರ್ಷಗಳಲ್ಲಿಯೇ ಮುಗಿಯಿತು. ತಂದೆಯ ಗಿರಣಿಯಲ್ಲಿ ದುಡಿಯುತ್ತಲೇ ಗಣಿತವನ್ನು ಸಾಧಿಸಿ, 1828ರಲ್ಲಿ ತನ್ನ ಪ್ರಬಂಧವನ್ನು ಅಚ್ಚುಹಾಕಿಸಿದನು. ಚಂದಾದಾರರು 51 ಮಂದಿ. ಅವರಲ್ಲಿ ಬಹುಜನರಿಗೆ ಅದು ಅರ್ಥವಾಗಿರಲಾರದು. ಅವರೊಳಗೊಬ್ಬನಾದ ಬ್ರೋಮ್‌ಹೆಡನ ಪ್ರೋತ್ಸಾಹದಿಂದ ಗ್ರೀನನು ನಲವತ್ತರ ವಯಸ್ಸಿನಲ್ಲಿ ಕೇಂಬ್ರಿಜ್ಜಿಗೆ ವಿದ್ಯಾರ್ಥಿಯಾಗಿ ಹೋದನು, 1841ರಲ್ಲಿ ತೀರಿಕೊಂಡನು. ಪ್ರಬಂಧವು ಮೂಲೆಯಲ್ಲಿಯೇ ಉಳಿಯಿತು.

1845ರಲ್ಲಿ ವಿಲಿಯಂ ಥಾಮ್ಸನ್ ಎಂಬ ಇಪ್ಪತ್ತು ವರ್ಷದ ತರುಣನು ಅದನ್ನು ತನ್ನ ಗುರುವಿನಿಂದ ಪಡೆದು ಪ್ಯಾರಿಸಿಗೊಯ್ದನು. ಅಲ್ಲಿಯ ಗಣಿತಜ್ಞರು ಬೆರಗಾದರು. 1850ರಿಂದ ಬರ್ಲಿನ್ನಿನ ಗಣಿತಪತ್ರಿಕೆಯಲ್ಲಿ ಅದು ಪುನಃ ಪ್ರಕಟವಾಯಿತು. ಕರ್ತೃವು ಮಾತ್ರ ಇದಾವುದನ್ನೂ ಕಾಣಲಿಲ್ಲ.

ಬಹುಕಾಲ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಚರಿತ್ರೆಯು ಸ್ವಲ್ಪ ಲಜ್ಜೆಯನ್ನು ಉಂಟುಮಾಡುತ್ತದೆ. ಶಾಲೆ ಬಿಟ್ಟು ಹೋದ ಹುಡುಗನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕುತ್ತೇವೆ. ಅವನು ಎಲ್ಲಿ ನಿಂತಿದ್ದನೆಂಬುದನ್ನು ಬರೆದಿಡುತ್ತೇವೆಯೇ ಹೊರತು, ಯಾವ ಕಡೆಗೆ ಸಾಗುತ್ತಿದ್ದನೆಂಬುದನ್ನು ನೋಡುವುದಿಲ್ಲ.