ಟೋಪ ತೆನಿಯ ಸೆರಗು

ಕಲಾದಗಿಯು ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಕಾಲದಲ್ಲಿಯೂ, 1885ರ ಸುಮಾರಿಗೆ ಆ ಪದವಿ ವಿಜಾಪುರಕ್ಕೆ ಹೋದ ಮೇಲೂ, 1997ರಲ್ಲಿ ಬಾಗಲಕೋಟೆಯೇ ಪ್ರತ್ಯೇಕ ಜಿಲ್ಲೆಯಾದ ತರುವಾಯವೂ, ಈ ಸೀಮೆಯ ಮದುವೆಯ ಜವಳಿಯಲ್ಲಿ ಎರಡು ಹೆಸರುಗಳು ಮಾತ್ರ ಸ್ಥಾನ ಬಿಟ್ಟು ಕದಲಲಿಲ್ಲ: ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ.

ಇಳಕಲ್ಲ ಸೀರೆಯ ಒಡಲು ಬಹುಕಾಲ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಆ ಕೆಂಪಿನಲ್ಲಿ ಬಿಳಿಯ ಹಲ್ಲುಗಳಂತೆ ಮೂಡುವ ವಿನ್ಯಾಸಕ್ಕೆ ಟೋಪ ತೆನಿ ಎಂಬ ಹೆಸರು. ತೆನೆಯೆಂದರೆ ಜೋಳದ ತೆನೆಯೂ ಹೌದು, ಕೋಟೆಯ ತೆನೆಯೂ ಹೌದು; ಕಪ್ಪು ಹೊಲಗಳ ನಡುವೆ ಬಾದಾಮಿಯ ಕೋಟೆಯನ್ನು ಕಂಡು ಬೆಳೆದ ಕಣ್ಣಿಗೆ ಈ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದ ಅಗತ್ಯ ಬಾರದು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವ ಕೆಲಸವೇ ಕೊಂಡಿ. ಅನ್ಯ ಮಗ್ಗಗಳಲ್ಲಿ ಒಮ್ಮೆ ಹೂಡಿದ ಹಾಸಿನಿಂದ ಅನೇಕ ಸೀರೆಗಳು ಇಳಿದರೆ, ಇಲ್ಲಿ ಒಂದೊಂದು ಸೀರೆಗೂ ಹಾಸು ಬೇರೆಯಾಗಿ ಸಿದ್ಧವಾಗಬೇಕು. ಲಾಭದ ಲೆಕ್ಕವೊಂದೇ ಪ್ರಮಾಣವಾಗಿದ್ದಲ್ಲಿ ಈ ಕಷ್ಟದ ಪದ್ಧತಿ ಎಂದೋ ಅಳಿಯುತ್ತಿತ್ತು. ಟೋಪ ತೆನಿಯಿಲ್ಲದ ಸೀರೆಯನ್ನು ಮುತ್ತೈದೆಯರು ಇಳಕಲ್ಲ ಸೀರೆಯೆಂದು ಎಣಿಸದ ಕಾರಣ ಅದು ಉಳಿಯಿತು. ಆ ಅಭಿರುಚಿಯಾದರೂ ಆಕಾಶದಿಂದ ಇಳಿದುದಲ್ಲ. ನೇಕಾರರ ಮನೆಗಳಲ್ಲಿ ನೂಲು ಸುತ್ತಿ ಹಾಸು ಅಣಿಗೊಳಿಸುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವೇ. ಬಯಸುವವಳೂ ನೇಯಲು ನೆರವಾಗುವವಳೂ ಒಂದೇ ಓಣಿಯಲ್ಲಿ ಬಾಳಿದರು.

ಶುಭಕಾರ್ಯಕ್ಕೆ ಕಪ್ಪು ಸಲ್ಲದೆಂಬ ನಂಬಿಕೆ ನಾಡಿನಲ್ಲೆಲ್ಲ ಇದ್ದರೂ, ಕಸೂತಿಯಿಂದ ತುಂಬಿದ ಕಪ್ಪು ಚಂದ್ರಕಾಳಿ ಸೀರೆ ಈ ಭಾಗದ ಮದುಮಗಳಿಗೆ ಮಂಗಳದ ಉಡುಗೆಯಾಯಿತು. ಬಣ್ಣದ ಶುಭಾಶುಭವನ್ನೇ ಆಚಾರವು ತಿರುಗಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿಯನ್ನು ನಾನು ಕಾಣೆ.

ಖಣದ ಕಥೆ ಇನ್ನೂ ಆರ್ದ್ರವಾದುದು. ಸೀರೆ ಕೊಡಲು ಶಕ್ತಿಯಿಲ್ಲದವರೂ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಸಿನ ಕೊಂಬುಗಳೊಂದಿಗೆ ಒಂದು ಖಣವನ್ನಿಟ್ಟು ಮಗಳ ಉಡಿ ತುಂಬಬಹುದಾಗಿತ್ತು. ಬನಶಂಕರಿಗೂ ಅದೇ ಸಲ್ಲುತ್ತಿತ್ತು. ಹೀಗೆ ಕುಪ್ಪಸದಳತೆಯ ವಸ್ತ್ರವೊಂದು ತೌರಿನ ಮಮತೆಗೂ ದೇವಿಯ ಪೂಜೆಗೂ ಅಳತೆಯಾಗಿ ನಿಂತಿತು. ಕೈಮಗ್ಗದ ನೇಯ್ಗೆಗೆ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾನೂನು 1985ರಲ್ಲಿ ಬಂದರೂ ವಿದ್ಯುತ್ ಮಗ್ಗದ ಅಗ್ಗದ ಮಾಲು ನಿಲ್ಲಲಿಲ್ಲ. ಸೀರೆಯ ಬಣ್ಣಕ್ಕೆ ಒಪ್ಪುವ ಬೇರೆ ಬಟ್ಟೆಯ ರವಿಕೆಯನ್ನು ಎಳೆಯ ತಲೆಮಾರು ಮೆಚ್ಚಿದಂತೆ ಖಣದ ಮಗ್ಗಗಳು ಒಂದೊಂದಾಗಿ ಮೌನವಾದವು. ಆದರೂ ತೌರಿನಿಂದ ಹೊರಡುವ ಮಗಳಿಗೆ, ತಾನು ಎಂದೂ ಹೊಲಿಸದ ಖಣವನ್ನು ತಾಯಿ ಇಂದಿಗೂ ಉಡಿಯಲ್ಲಿಟ್ಟು ಕಳುಹುತ್ತಾಳೆ. ಮಗಳು ಅದನ್ನು ಮಡಿಕೆ ಬಿಚ್ಚದೆ ಪೆಟ್ಟಿಗೆಯಲ್ಲಿ ಕಾದಿಡುತ್ತಾಳೆ.