ಬೆರಳು ನೆಲದಲ್ಲಿ, ಶಟರ್ ಆಕಾಶದಲ್ಲಿ

ಆಕಾಶದಿಂದ ಫೋಟೊ ತೆಗೆಯುವ ಕಸುಬಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ವಾಹನಗಳನ್ನು ಎಣಿಸುತ್ತಾರೆ: ಬಲೂನು, ಗಾಳಿಪಟ, ಪಾರಿವಾಳ, ವಿಮಾನ, ಡ್ರೋನ್. ನನಗೆ ಅದಕ್ಕಿಂತ ಕುತೂಹಲದ ಪ್ರಶ್ನೆ ಬೇರೆಯೇ ಇದೆ. ಶಟರ್ ಒತ್ತಿದ್ದು ಯಾರು, ಏನನ್ನು ನೋಡಿಕೊಂಡು?

1858ರಲ್ಲಿ ಪ್ಯಾರಿಸ್ ಸಮೀಪ ಬಲೂನು ಏರಿದ ಛಾಯಾಗ್ರಾಹಕ ನಾದಾರ್‌ಗೆ ಈ ಪ್ರಶ್ನೆಯೇ ಇರಲಿಲ್ಲ. ಕ್ಯಾಮೆರಾದ ಜೊತೆ ಅವನೂ ಮೇಲಿದ್ದ. ಮನುಷ್ಯ ಕೆಳಗುಳಿದು ಕ್ಯಾಮೆರಾ ಮಾತ್ರ ಏರತೊಡಗಿದಾಗ ಪೇಚಾಟ ಶುರುವಾಯಿತು. ಫ್ರಾನ್ಸಿನ ಆರ್ಥರ್ ಬಟು 1888ರಲ್ಲಿ ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ, ನಿಧಾನವಾಗಿ ಉರಿಯುವ ಬತ್ತಿಯಿಂದ ಶಟರ್ ಬಿಡಿಸಿದ. ಕೆಲಸ ಮುಗಿದದ್ದು ತಿಳಿಯಲು ಒಂದು ಪುಟ್ಟ ಬಾವುಟ ಕೆಳಗೆ ಬೀಳುವಂತೆ ಮಾಡಿಕೊಂಡಿದ್ದ. ಜರ್ಮನಿಯ ಔಷಧ ವ್ಯಾಪಾರಿ ಯೂಲಿಯುಸ್ ನಾಯ್‌ಬ್ರೋನರ್ ಪಾರಿವಾಳದ ಎದೆಗೆ ಕಟ್ಟಿದ ಕ್ಯಾಮೆರಾದಲ್ಲಿ ಗಾಳಿಯ ಒತ್ತಡವೇ ಗಡಿಯಾರದ ಕೆಲಸ ಮಾಡುತ್ತಿತ್ತು. 1906ರ ಭೂಕಂಪದ ನಂತರ ಸ್ಯಾನ್ ಫ್ರಾನ್ಸಿಸ್ಕೊ ನಗರದ ಅವಶೇಷಗಳನ್ನು ಸುಮಾರು 600 ಮೀಟರ್ ಎತ್ತರದಿಂದ ಸೆರೆಹಿಡಿದ ಜಾರ್ಜ್ ಲಾರೆನ್ಸ್ ಮಾತ್ರ ಬೇರೆ ದಾರಿ ಹಿಡಿದ. ಸಾಲು ಗಾಳಿಪಟಗಳು ಎತ್ತಿದ ಅವನ ಕ್ಯಾಮೆರಾ ಸುಮಾರು 22 ಕಿಲೋ ತೂಗುತ್ತಿತ್ತು. ಅದರ ಶಟರ್‌ಗೆ ಸಂದೇಶ ಹೋಗಿದ್ದು ತಂತಿಯಲ್ಲಿ ಹರಿಸಿದ ವಿದ್ಯುತ್ತಿನಿಂದ. ನೆಲದ ಮೇಲಿದ್ದ ಬೆರಳು ಕ್ಷಣವನ್ನು ಆರಿಸಿತು, ಆದರೆ ತಂತಿಯ ಉದ್ದದಷ್ಟೇ ಅದರ ಅಧಿಕಾರ.

ಆ ತಂತಿಯನ್ನು ಕಡಿದದ್ದು ರೇಡಿಯೊ. ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು 1930ರ ದಶಕದ ಕೊನೆಯಲ್ಲಿ ‘ಗಫ್’ ಎಂಬ ಮಾದರಿ ವಿಮಾನವನ್ನು ರೇಡಿಯೊ ಮೂಲಕ ಹಾರಿಸಿದರು. ಕೈಯಲ್ಲಿರುವ ನಿಯಂತ್ರಕದ ಕಡ್ಡಿ ಎಷ್ಟು ಸರಿದರೆ ಚುಕ್ಕಾಣಿಯೂ ಅಷ್ಟೇ ತಿರುಗುವ ಪ್ರಪೋರ್ಷನಲ್ ವ್ಯವಸ್ಥೆ ಹವ್ಯಾಸಿಗಳ ಕೈ ಸೇರಿದ್ದು 1960ರ ದಶಕದಲ್ಲಿ. ವಿಮಾನವನ್ನು ಆಳಲು ಬೇಕಾದ ರೇಡಿಯೊ ಚಾನೆಲ್‌ಗಳ ಮೇಲೆ ಇನ್ನೊಂದು ಮಿಕ್ಕಿತೆಂದರೆ, ಅದಕ್ಕೆ ಸರ್ವೋ ಎಂಬ ಪುಟ್ಟ ಮೋಟಾರು ಜೋಡಿಸಿ, ಸರ್ವೋದ ತೋಳು ಕ್ಯಾಮೆರಾದ ಗುಂಡಿ ಒತ್ತುವಂತೆ ಮಾಡಬಹುದಾಗಿತ್ತು.

ಆಟಿಕೆಯೆಂದು ನಕ್ಕವರ ಬಾಯಿ ಮುಚ್ಚಿಸಿದ್ದು ಯುದ್ಧ. 1969ರಲ್ಲಿ ಸೂಯೆಜ್ ಕಾಲುವೆಯ ಆಚೆ ಈಜಿಪ್ಟ್ ಸೇನೆ ಏನು ಮಾಡುತ್ತಿದೆ ಎಂದು ತಿಳಿಯಲು ಇಸ್ರೇಲಿನ ಗುಪ್ತಚರ ಅಧಿಕಾರಿ ಶಬ್ತಾಯ್ ಬ್ರಿಲ್ ಅಮೆರಿಕದಿಂದ ಸಾಧಾರಣ ಮಾದರಿ ವಿಮಾನಗಳನ್ನು ತರಿಸಿ, ಅವಕ್ಕೆ 35 ಎಂಎಂ ಕ್ಯಾಮೆರಾ ಕಟ್ಟಿಸಿದರು. ವಿಮಾನವನ್ನು ರೇಡಿಯೊ ನಡೆಸುತ್ತಿತ್ತು, ಕ್ಯಾಮೆರಾವನ್ನು ಟೈಮರ್: 10 ಸೆಕೆಂಡಿಗೊಂದು ಚಿತ್ರ. ಇದೇ ಪ್ರಯೋಗ ಇಂದಿನ ಸೈನಿಕ ಡ್ರೋನ್‌ಗಳ ಪೂರ್ವಜರಲ್ಲಿ ಒಂದೆಂದು ಹೆಸರಾಯಿತು. ಶಟರ್ ವಿಷಯದಲ್ಲಾದರೂ ಅದು ಬಟುವಿನ ಬತ್ತಿಯಿಂದ ಬಹಳ ಮುಂದೇನೂ ಹೋಗಿರಲಿಲ್ಲ.

ಹವ್ಯಾಸಿಗಳ ಕಥೆಯೇ ಹೆಚ್ಚು ಸ್ವಾರಸ್ಯದ್ದು. ಅವರ ಮೊದಲ ಶತ್ರು ತೂಕ. 1970ರ ದಶಕದಲ್ಲಿ ಬಂದ 110 ಫಿಲ್ಮಿನ ಕಿರು ಕ್ಯಾಮೆರಾಗಳು ಹಗುರ, ಆದರೆ ನೆಗೆಟಿವ್ ತೀರ ಚಿಕ್ಕದು. 1979ರಲ್ಲಿ ಬಂದ ಒಲಿಂಪಸ್ ಎಕ್ಸ್‌ಎ ಸುಮಾರು 225 ಗ್ರಾಂ ತೂಗಿಯೂ ಪೂರ್ಣ 35 ಎಂಎಂ ಚೌಕಟ್ಟು ಕೊಡುತ್ತಿತ್ತು. ಗುಂಡಿ ಎಷ್ಟು ಮೃದುವೆಂದರೆ ಸಣ್ಣ ಸರ್ವೋಗೂ ಕಷ್ಟವಿಲ್ಲ. ತೊಡಕು ಒಂದೇ: ಫಿಲ್ಮನ್ನು ಹೆಬ್ಬೆರಳಿನಿಂದ ಸುತ್ತಬೇಕು. ಸುತ್ತುವ ಉಪಾಯ ತಾನೇ ಮಾಡಿಕೊಳ್ಳದವನಿಗೆ ಒಂದು ಹಾರಾಟಕ್ಕೆ ಒಂದೇ ಚಿತ್ರ. ತಾನಾಗಿ ರೀಲು ಸುತ್ತಿಕೊಳ್ಳುವ ಮೋಟಾರಿನ ಕ್ಯಾಮೆರಾಗಳು ಅಗ್ಗವಾದ ಮೇಲೆ 36 ಚಿತ್ರಗಳನ್ನೂ ಒಂದೇ ಏರಿನಲ್ಲಿ ಮುಗಿಸುವುದು ಸಾಧ್ಯವಾಯಿತು.

ವೇಗಕ್ಕೆ ಚಿತ್ರ ಕಲಸಿಹೋಗುತ್ತದೆ ಎಂದು ಹೊಸಬರು ಹೆದರುತ್ತಿದ್ದರು. ಲೆಕ್ಕ ಬೇರೆಯೇ ಹೇಳುತ್ತದೆ. ಸೆಕೆಂಡಿಗೆ 15 ಮೀಟರ್ ಓಡುವ ವಿಮಾನ 1/500 ಸೆಕೆಂಡಿನಲ್ಲಿ ಮುಂದೆ ಸರಿಯುವುದು ಕೇವಲ 3 ಸೆಂಟಿಮೀಟರ್. ಅದೇ ವಿಮಾನ ಸೆಕೆಂಡಿಗೆ 60 ಡಿಗ್ರಿಯಂತೆ ಹೊರಳುತ್ತಿದ್ದರೆ, 100 ಮೀಟರ್ ಎತ್ತರದಿಂದ ನೋಟ ಅಷ್ಟೇ ಹೊತ್ತಿನಲ್ಲಿ ನೆಲದ ಮೇಲೆ ಸುಮಾರು 20 ಸೆಂಟಿಮೀಟರ್ ಜಾರಿರುತ್ತದೆ. ಇದರ ಮೇಲೆ ಗ್ಲೋ ಎಂಜಿನ್ನಿನ ನಡುಕ, ಹೊಗೆಯ ಜೊತೆ ಅದು ಉಗುಳುವ, ಇಂಧನದಲ್ಲಿ ಬೆರೆತ ಹರಳೆಣ್ಣೆ. ಕ್ಯಾಮೆರಾದ ಸುತ್ತ ಫೋಮ್ ಇಟ್ಟರು, ಲೆನ್ಸನ್ನು ಹೊಗೆಕೊಳವೆಯ ಎದುರು ಬದಿಗೆ ತಿರುಗಿಸಿದರು, ಒತ್ತುವ ಮುನ್ನ ಎಂಜಿನ್ ತಗ್ಗಿಸಿ ವಿಮಾನವನ್ನು ತೇಲಲು ಬಿಟ್ಟರು.

ಇಷ್ಟಾದರೂ ಗುರಿ ಅಂದಾಜಿನದೇ. 35 ಎಂಎಂ ಲೆನ್ಸಿಗೆ 100 ಮೀಟರ್ ಎತ್ತರದಿಂದ ಕಾಣುವುದು ಸರಿಸುಮಾರು 70 ಮೀಟರ್ ಅಗಲ, 100 ಮೀಟರ್ ಉದ್ದದ ನೆಲ. ಕೆಳಗೆ ನಿಂತು ಕತ್ತೆತ್ತಿ ನೋಡುವವನಿಗೆ ವಿಮಾನ ದೇವಸ್ಥಾನದ ನೆತ್ತಿಯ ಮೇಲಿದೆಯೋ ಪಕ್ಕದ ಗದ್ದೆಯ ಮೇಲಿದೆಯೋ ಖಚಿತವಾಗುವುದಿಲ್ಲ. ಅದು ಗೊತ್ತಾಗುತ್ತಿದ್ದದ್ದು ರೀಲು ಸ್ಟುಡಿಯೊಗೆ ಹೋಗಿ ತೊಳೆದು ಬಂದ ಮೇಲೆ.

ಹವ್ಯಾಸವನ್ನು ವಿದ್ಯೆಯಾಗಿಸಿದವರು ಜರ್ಮನರು. 1979ರಲ್ಲಿ ಸಂಶೋಧಕರಾದ ಪ್ರಿಬಿಲ್ಲಾ ಮತ್ತು ವೆಸ್ಟರ್-ಎಬ್ಬಿಂಗ್‌ಹೌಸ್ ರೇಡಿಯೊ ನಿಯಂತ್ರಿತ ವಿಮಾನದಿಂದ ಅಳತೆಗೆ ಒದಗುವ ಚಿತ್ರ ತೆಗೆಯುವ ಪ್ರಯೋಗ ಮಾಡಿದರು. ಮರುವರ್ಷ ವೆಸ್ಟರ್-ಎಬ್ಬಿಂಗ್‌ಹೌಸ್ ಮಾದರಿ ಹೆಲಿಕಾಪ್ಟರಿಗೆ ಬದಲಾಯಿಸಿ, ರೋಲಿಫ್ಲೆಕ್ಸ್ ಎಸ್‌ಎಲ್‌ಎಕ್ಸ್ ಎಂಬ ದೊಡ್ಡ ನೆಗೆಟಿವಿನ ಕ್ಯಾಮೆರಾ ಹೊರಿಸಿದರು. ಒಂದೆಡೆ ನಿಲ್ಲಬಲ್ಲ ಯಂತ್ರಕ್ಕೆ ಅಂದಾಜಿನ ಹಂಗು ಕಡಿಮೆ.

ಭಾರತದಲ್ಲಿ ಹವ್ಯಾಸಿಗಳು ರೇಡಿಯೊ ವಿಮಾನದಿಂದ ಫೋಟೊ ತೆಗೆಯುವ ಈ ಹಂತ ಹೆಚ್ಚುಕಡಿಮೆ ಬಂದೇ ಇಲ್ಲ. ಎನ್‌ಸಿಸಿಯ ವಾಯುದಳದ ಹುಡುಗರು ಬಾಲ್ಸಾ ಮರದ ವಿಮಾನ ಕಟ್ಟಿ ಹಾರಿಸುತ್ತಿದ್ದರು, ಕ್ಯಾಮೆರಾ ಕಟ್ಟುವುದು ಬೇರೆ ಮಾತು. ಹಾರುವ ವಿಮಾನದಿಂದ ಅನುಮತಿಯಿಲ್ಲದೆ ಫೋಟೊ ತೆಗೆಯಬಾರದೆನ್ನುವ ನಿಯಮ 1937ರ ವಿಮಾನ ನಿಯಮಾವಳಿಯಲ್ಲೇ ಇದೆ. ಬೆಂಗಳೂರಿನ ರಕ್ಷಣಾ ಸಂಶೋಧನಾ ಸಂಸ್ಥೆ ಎಡಿಇ 1990ರ ದಶಕದಲ್ಲಿ ‘ನಿಶಾಂತ್’ ಎಂಬ ಚಾಲಕರಹಿತ ವಿಮಾನ ಹಾರಿಸುವ ಹೊತ್ತಿಗೆ ರೀಲಿಗಾಗಿ ಕಾಯುವ ಕಾಲ ಮುಗಿದಿತ್ತು. ಚಿತ್ರ ರೇಡಿಯೊದಲ್ಲೇ ಕೆಳಗಿಳಿಯುತ್ತಿತ್ತು.

ಹಾರುತ್ತಿರುವಾಗಲೇ ಮೇಲಿನ ನೋಟ ತೋರಿಸುವ ಆ ಕಣ್ಣು ಹವ್ಯಾಸಿಗಳಿಗೆ ಸಿಕ್ಕಿದ್ದು ಅಗ್ಗದ ವಿಡಿಯೊ ಟ್ರಾನ್ಸ್‌ಮಿಟರ್‌ಗಳು ಬಂದ ಮೇಲೆ. ಉಳಿದದ್ದನ್ನು ಡಿಜಿಟಲ್ ಕ್ಯಾಮೆರಾ ಮುಗಿಸಿತು, 2013ರ ಡಿಜೆಐ ಫ್ಯಾಂಟಮ್ ಡ್ರೋನ್ ಇದನ್ನೆಲ್ಲ ಅಂಗಡಿಯ ಸರಕಾಗಿಸಿತು. ಕೈಯಿಂದ ಹಾರಿಸುವ ಕಸುಬುಗಾರಿಕೆ ಆಗಲೇ ಅರ್ಧ ಸತ್ತಿತು ಎನ್ನುವುದು ನನ್ನ ದೂರು.

ಸರ್ವೆ ಡ್ರೋನ್‌ಗಳಲ್ಲಿ ಈಗ ಬೆರಳೇ ಬೇಕಿಲ್ಲ. ಒಂದು ಚಿತ್ರ ಇನ್ನೊಂದರ ಮೇಲೆ ಎಷ್ಟು ಹಾಯಬೇಕು ಎಂದು ಮೊದಲೇ ಹೇಳಿಟ್ಟರೆ, ಜಿಪಿಎಸ್ ನೋಡಿ ಯಂತ್ರವೇ ಶಟರ್ ಬಿಡುತ್ತದೆ. ಹಳ್ಳಿಗಳ ಆಸ್ತಿ ಅಳೆದು ನಕ್ಷೆ ಮಾಡಲು 2020ರಲ್ಲಿ ಆರಂಭವಾದ ‘ಸ್ವಾಮಿತ್ವ’ ಯೋಜನೆಯಲ್ಲಿ ಕರ್ನಾಟಕದ ಹಳ್ಳಿಗಳ ಮನೆ-ನಿವೇಶನಗಳ ಮೇಲೆ ಹಾರಿದ್ದು ಇಂಥವೇ. ಅಲ್ಲಿ ಮನುಷ್ಯನ ಕೆಲಸ ಹಾರಾಟಕ್ಕೆ ಮುಂಚೆಯೇ ಮುಗಿದಿರಬೇಕು: ಸಿಬ್ಬಂದಿ ಮತ್ತು ಮನೆಯವರು ಸೇರಿ ಪ್ರತಿ ಆಸ್ತಿಯ ಗಡಿಗೂ ಸುಣ್ಣದ ಗೆರೆ ಹಾಕುತ್ತಾರೆ. ಡ್ರೋನ್ ಬರುವುದು ಆಮೇಲೆ. ಗೆರೆ ಎಲ್ಲಿ ಬಿದ್ದಿದೆಯೋ ನಕ್ಷೆಯೂ ಅಲ್ಲಿಂದಲೇ ಶುರು, ತಕರಾರೂ ಅಲ್ಲಿಂದಲೇ.